ಹಳೆಯ ಜಪಾನಿ ದೆವ್ವದ ಸಿನಿಮಾಗಳು: ಯಾವುದನ್ನು ಮೊದಲು ನೋಡೋದು, ಯಾವುದನ್ನು ಆಮೇಲೆ?

‘ರಿಂಗು’ ಅನ್ನುವ ಜಪಾನಿ ದೆವ್ವದ ಸಿನಿಮಾ ನೋಡಿದವರಿಗೆಲ್ಲ ಆ ಹೆಣ್ಣು ನೆನಪಿರುತ್ತಾಳೆ. ಮುಖದ ಮೇಲೆ ಇಳಿಬಿದ್ದ ಕೂದಲು, ಬಿಳಿ ಬಟ್ಟೆ, ಬಾವಿ. 1998ರಲ್ಲಿ ಹೊರಗಿನವರಿಗೆ ಅದು ಹೊಸ ದೆವ್ವ. ಜಪಾನಿನವರಿಗೆ ಮಾತ್ರ ಅಜ್ಜಿ ಕಾಲದ ಪರಿಚಯ. ಹದಿನೆಂಟನೇ ಶತಮಾನದ ಕ್ಯೋತೋ ಚಿತ್ರಕಾರ ಮಾರುಯಾಮಾ ಓಕ್ಯೋ ಹೆಸರಲ್ಲಿ ಪ್ರಸಿದ್ಧವಾದ ಪ್ರೇತದ ಚಿತ್ರಗಳಲ್ಲೇ ಬಿಚ್ಚಿದ ಕೂದಲಿದೆ, ಹೆಣಕ್ಕೆ ಉಡಿಸುವ ಬಿಳಿ ಕಿಮೊನೊ ಇದೆ. ಕಾಲು ಮಾತ್ರ ಇಲ್ಲ. ಕಬುಕಿ ನಾಟಕದವರು ಆ ರೂಪವನ್ನು ರಂಗಕ್ಕೆ ತಂದರು. 1950ರ ದಶಕದ ಕೊನೆಗೆ ಸಿನಿಮಾದವರು ಅದಕ್ಕೆ ಬಣ್ಣ ತುಂಬಿದರು.

ಆ ಕಾಲದ ಸಿನಿಮಾ ನೋಡೋಣ ಅಂತ ಹುಡುಕಿದರೆ ಎಲ್ಲ ಕಡೆ ಅವೇ ನಾಲ್ಕು ಹೆಸರು ಬರುತ್ತವೆ: ‘ಉಗೆತ್ಸು’, ‘ಕ್ವೈದಾನ್’, ‘ಒನಿಬಾಬಾ’, ‘ಹೌಸು’. ನಾಲ್ಕೂ ಚೆನ್ನಾಗಿವೆ, ಜಗಳವಿಲ್ಲ. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅವುಗಳ ಹಿಂದೆ ನಿಂತಿರುವ, ಅಷ್ಟು ಹೆಸರು ಮಾಡದ ಸಿನಿಮಾಗಳಲ್ಲಿ ಯಾವುದನ್ನು ಆರಿಸಬೇಕು ಅನ್ನೋದಷ್ಟೇ ಇಲ್ಲಿನ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಯಾವುದು ಜಾಸ್ತಿ ಹೆದರಿಸುತ್ತೆ’ ಅಂತ ಕೇಳಿ ಆರಿಸಿದರೆ ನಿರಾಸೆ ಖಂಡಿತ. ಇವತ್ತಿನ ಕಣ್ಣಿಗೆ ಇವುಗಳಲ್ಲಿ ಹೆಚ್ಚಿನವು ಹೆದರಿಸುವುದೇ ಇಲ್ಲ. ಬಾವಲಿಯ ದಾರ ಕಾಣುತ್ತದೆ, ರಕ್ತ ಪೇಂಟಿನ ಹಾಗಿರುತ್ತದೆ. ಇವುಗಳ ಸೆಳೆತ ಬೇರೆ ಕಡೆ ಇದೆ. ಇಲ್ಲಿ ದೆವ್ವದ ಹತ್ತಿರ ಒಂದು ಲೆಕ್ಕ ಬಾಕಿ ಇರುತ್ತದೆ, ಮತ್ತು ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಗಂಡ, ಧಣಿ, ಸೈನಿಕ, ಯಾರೋ ಒಬ್ಬರು ಬದುಕಿದ್ದವರಿಗೆ ಅನ್ಯಾಯ ಮಾಡಿರುತ್ತಾರೆ. ಮೊದಲರ್ಧ ಪೂರ್ತಿ ಆ ಅನ್ಯಾಯಕ್ಕೇ ಮೀಸಲು. ದೆವ್ವ ಬರುವ ಹೊತ್ತಿಗೆ ನಾವು ಅದರ ಪಕ್ಷ ಸೇರಿಬಿಟ್ಟಿರುತ್ತೇವೆ.

ಹಾಗಾದರೆ ಆರಿಸುವುದು ಹೇಗೆ? ಯಾವ ಸ್ಟುಡಿಯೋ ಮಾಡಿದ್ದು ಅಂತ ನೋಡಿ. ಆಗ ಜಪಾನಿನಲ್ಲಿ ನಿರ್ದೇಶಕ, ಕ್ಯಾಮೆರಾದವರು, ಸೆಟ್ ಕಟ್ಟುವವರು, ನಟರು ಎಲ್ಲ ಒಂದೊಂದು ಸ್ಟುಡಿಯೋದ ನೌಕರರ ಹಾಗೆ ಇದ್ದರು. ಅದರಿಂದ ಒಂದೊಂದು ಸ್ಟುಡಿಯೋದ ದೆವ್ವಕ್ಕೂ ಒಂದೊಂದು ಗುಣ ಬಂದಿದೆ. ದೆವ್ವದ ಕಥೆಗೆ ಅಲ್ಲಿ ಕಾಲ ಬೇಸಿಗೆ. ಸತ್ತ ಹಿರಿಯರು ಮನೆಗೆ ಬರುತ್ತಾರೆ ಅನ್ನುವ ಒಬೊನ್ ಹಬ್ಬ ಬರುವುದೂ ಆಗಲೇ. ಮೈ ಜುಮ್ಮೆಂದರೆ ಸೆಕೆ ಕಡಿಮೆಯಾಗುತ್ತೆ ಅಂತ ತಮಾಷೆಗೂ ಹೇಳುತ್ತಾರೆ. ಹಾಗಾಗಿ ವರ್ಷ ವರ್ಷ ಬೇಸಿಗೆಗೆ ದೆವ್ವದ ಸಿನಿಮಾ ಬೇಕೇ ಬೇಕು. ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಪದ್ಧತಿಯಲ್ಲಿ ಎಷ್ಟೋ ಸಲ ಇವು ಜೊತೆಗೊಂದು ಅನ್ನುವ ಸಿನಿಮಾಗಳು. ಹೆಚ್ಚಿನವು ಒಂದೂವರೆ ಗಂಟೆ ದಾಟುವುದಿಲ್ಲ. ಕೆಲಸ ಮುಗಿಸಿ ಬಂದು ರಾತ್ರಿ ಊಟದ ಮೇಲೆ ನೋಡಿ ಮಲಗಬಹುದು. ಇದು ಸಣ್ಣ ಅನುಕೂಲವಲ್ಲ.

ಒಂದೇ ಕಥೆ, ನಾಲ್ಕು ಸಿನಿಮಾ

ಯಾರಾದರೂ ‘ಒಂದೇ ಒಂದು ಹೇಳಿ’ ಅಂದರೆ ನನ್ನ ಉತ್ತರ ‘ತೊಕಾಯ್ದೊ ಯೊತ್ಸುಯಾ ಕೈದಾನ್’. ಆದರೆ ಯೊತ್ಸುಯಾ ಕಥೆಯನ್ನು ಜಪಾನಿನಲ್ಲಿ ಮತ್ತೆ ಮತ್ತೆ ಸಿನಿಮಾ ಮಾಡಿದ್ದಾರೆ. ಗೊಂದಲ ಅಲ್ಲೇ ಶುರು.

ಕಥೆ 1825ರಲ್ಲಿ ಎದೋ ನಗರದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಮೊದಲು ಆಡಿದ ಕಬುಕಿ ನಾಟಕದ್ದು. ಬರೆದವನು ನಾಲ್ಕನೇ ತ್ಸುರುಯಾ ನಂಬೊಕು. ಇಯೆಮೊನ್ ಅನ್ನುವ ಕೆಲಸವಿಲ್ಲದ ಸಮುರಾಯ್. ಅವನ ಹೆಂಡತಿ ಓಯಿವಾ. ಮನೆಯಲ್ಲಿ ಬಡತನ, ಕೈಯಲ್ಲಿ ಕೂಸು. ಅತ್ತ ಶ್ರೀಮಂತರ ಮಗಳೊಬ್ಬಳು ಇಯೆಮೊನ್‌ನ ಮೇಲೆ ಮನಸ್ಸು ಮಾಡುತ್ತಾಳೆ. ಔಷಧಿ ಅಂತ ಓಯಿವಾಳಿಗೆ ವಿಷ ಹೋಗುತ್ತದೆ. ಅವಳ ಮುಖ ಒಂದು ಕಡೆ ಕೆಟ್ಟು ಊದಿಕೊಳ್ಳುತ್ತದೆ. ಅವಳು ಕನ್ನಡಿ ಮುಂದೆ ಕೂತು ತಲೆ ಬಾಚುತ್ತಾಳೆ, ಬಾಚಣಿಗೆ ಜೊತೆ ಕೂದಲು ಕಿತ್ತು ಬರುತ್ತದೆ. ಇನ್ನೂರು ವರ್ಷದಿಂದ ಜನ ಕಾದು ನೋಡುವ ದೃಶ್ಯ ಅದು. ಈ ನಾಟಕ ಆಡುವ ಮುಂಚೆ, ಸಿನಿಮಾ ಮಾಡುವ ಮುಂಚೆ ಕಲಾವಿದರು ಟೋಕಿಯೋದ ಓಯಿವಾ ಗುಡಿಗೆ ಹೋಗಿ ಕೈಮುಗಿದು ಬರುವ ರೂಢಿ ಇದೆ.

1959ರಲ್ಲಿ ಈ ಒಂದೇ ಕಥೆಯ ಎರಡು ಸಿನಿಮಾ ಬಂದವು. ಒಂದು ಶಿಂತೊಹೊ ಸ್ಟುಡಿಯೋದ್ದು, ನಿರ್ದೇಶಕ ನೊಬುವೊ ನಾಕಾಗಾವಾ. ಇನ್ನೊಂದು ದಾಯೇ ಸ್ಟುಡಿಯೋದ್ದು, ನಿರ್ದೇಶಕ ಕೆಂಜಿ ಮಿಸುಮಿ. ಎರಡನ್ನೂ ಒಂದರ ಬೆನ್ನಿಗೆ ಇನ್ನೊಂದು ನೋಡಿದರೆ ಸ್ಟುಡಿಯೋ ಅಂದರೆ ಏನು ಅಂತ ಅರ್ಥವಾಗಿಬಿಡುತ್ತದೆ.

ಶಿಂತೊಹೊ ಬಡ ಕಂಪನಿ. ಅದರ ಮುಖ್ಯಸ್ಥ ಮಿತ್ಸುಗು ಓಕುರಾ ಮೂಕಿ ಚಿತ್ರಗಳ ಕಾಲದಲ್ಲಿ ಪರದೆ ಪಕ್ಕ ನಿಂತು ಕಥೆ ಹೇಳುತ್ತಿದ್ದವನು. ಜನರಿಗೆ ಏನು ಬೇಕು ಅಂತ ಅವನಿಗೆ ಗೊತ್ತಿತ್ತು: ರಕ್ತ, ಹೆಣ್ಣು, ದೆವ್ವ. ನಾಕಾಗಾವಾ ಇಂಥ ಜಾಗದಲ್ಲಿ ಕೂತು 76 ನಿಮಿಷದ ಒಂದು ಚೊಕ್ಕ ಸಿನಿಮಾ ಮಾಡಿದ. ಅವನ ಇಯೆಮೊನ್‌ಗೆ ಕ್ಷಮೆ ಇಲ್ಲ. ಶಿಗೆರು ಅಮಾಚಿ ಆ ಪಾತ್ರವನ್ನು ತಣ್ಣಗೆ ಮಾಡಿದ್ದಾನೆ. ಸಿಟ್ಟು ಕೂಡ ಅವನ ಮುಖದಲ್ಲಿ ತಡವಾಗಿ ಬರುತ್ತದೆ. ಹೆಣವನ್ನು ಬಾಗಿಲ ಹಲಗೆಗೆ ಮೊಳೆ ಹೊಡೆದು ನೀರಿಗೆ ಬಿಡುತ್ತಾರಲ್ಲ, ಆಮೇಲೆ ಆ ಹಲಗೆ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಅನ್ನೋದನ್ನು ಹೇಳುವುದಿಲ್ಲ, ನೋಡಿ. ಕೆಂಪು, ಹಸಿರು ಬೆಳಕು ಇದ್ದಕ್ಕಿದ್ದಂತೆ ಪರದೆ ತುಂಬುತ್ತದೆ. ಕ್ಯಾಮೆರಾ ಹಿಡಿದ ತಾದಾಶಿ ನಿಶಿಮೊತೊ ಆಮೇಲೆ ಹಾಂಗ್‌ಕಾಂಗ್‌ಗೆ ಹೋಗಿ ಬ್ರೂಸ್ ಲೀಯ ‘ದಿ ವೇ ಆಫ್ ದಿ ಡ್ರ್ಯಾಗನ್’ ಚಿತ್ರೀಕರಿಸಿದ ಅನ್ನೋದು ವಿಷಯಕ್ಕೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಮಿಸುಮಿಯ ಸಿನಿಮಾ ಮೃದು. ಇಯೆಮೊನ್ ಆಗಿರುವುದು ಕಜುವೊ ಹಸೆಗಾವಾ, ಆ ಕಾಲದ ದೊಡ್ಡ ಹೀರೋ. ಅಂಥ ಹೀರೋ ಕೈಯಲ್ಲಿ ಹೆಂಡತಿಗೆ ವಿಷ ಹಾಕಿಸಲು ಆಗುತ್ತದೆಯೇ? ಹಾಗಾಗಿ ಇಲ್ಲಿ ಅವನು ಬೇರೆಯವರ ಸಂಚಿಗೆ ಸಿಕ್ಕವನು. ಸೆಟ್ಟು, ಬಟ್ಟೆ, ಬೆಳಕು ಎಲ್ಲ ಮೊದಲನೆಯದಕ್ಕಿಂತ ಅಚ್ಚುಕಟ್ಟು. ನೋಡಲು ಚೆಂದ. ಆದರೆ ಗಂಡನ ಪಾಪ ತೆಳುವಾದ ಹಾಗೆಲ್ಲ ಓಯಿವಾಳ ಸಿಟ್ಟಿಗೂ ಬಲ ಕಡಿಮೆಯಾಗುತ್ತದೆ. ಇದನ್ನು ನಾನು ಎರಡನೆಯದಾಗಿ ನೋಡಿ ಅನ್ನುತ್ತೇನೆ, ಬದಲಿಗೆ ನೋಡಿ ಅನ್ನುವುದಿಲ್ಲ.

ಮೂರನೆಯದು 1965ರದ್ದು. ನಿರ್ದೇಶಕ ಶಿರೊ ತೊಯೋದಾ, ಇಯೆಮೊನ್ ಪಾತ್ರಕ್ಕೆ ತಾತ್ಸುಯಾ ನಾಕಾದಾಯ್. ನಟನೆಗಾಗಿ ನೋಡುವವರು ಇದನ್ನು ನೋಡಬೇಕು. ಸಂಗೀತ ‘ಕ್ವೈದಾನ್’ ಮಾಡಿದ ತೋರು ತಾಕೆಮಿತ್ಸು ಅವರದೇ. ದೆವ್ವ ಅಂದರೆ ನಂಬಿಕೆಯೇ ಇಲ್ಲ ಅನ್ನುವವರಿಗೂ ಒಂದಿದೆ: 1949ರಲ್ಲಿ ಕೆಯ್‌ಸುಕೆ ಕಿನೊಶಿತಾ ಎರಡು ಭಾಗದಲ್ಲಿ ಮಾಡಿದ್ದು. ಅದರಲ್ಲಿ ದೆವ್ವ ಬರುವುದು ಗಂಡನ ತಲೆಯೊಳಗೆ ಮಾತ್ರ.

‘ಜಿಗೊಕು’ ಮೊದಲು ಬೇಡ

ನಾಕಾಗಾವಾ ಇಷ್ಟವಾದರೆ ಮುಂದಿನ ಹೆಜ್ಜೆ ‘ಜಿಗೊಕು’ ಅಂತ ಎಲ್ಲರೂ ಹೇಳುತ್ತಾರೆ. 1960ರದ್ದು, 101 ನಿಮಿಷ. ಶಿಂತೊಹೊ ಮರುವರ್ಷವೇ ದಿವಾಳಿಯಾಯಿತು, ಹಾಗಾಗಿ ಇದರಲ್ಲಿ ಒಂದು ಹತಾಶೆಯೂ ಕಾಣುತ್ತದೆ. ಒಬ್ಬ ವಿದ್ಯಾರ್ಥಿ ಕೂತಿದ್ದ ಕಾರು ಒಬ್ಬನಿಗೆ ಗುದ್ದಿ ನಿಲ್ಲದೆ ಹೋಗುತ್ತದೆ. ಅಲ್ಲಿಂದ ಸಾವಿನ ಮೇಲೆ ಸಾವು. ಕೊನೆಗೆ ಎಲ್ಲರೂ ಸತ್ತು ಬೌದ್ಧರ ನರಕಕ್ಕೆ ಹೋಗುತ್ತಾರೆ. ಆ ನರಕ ನೋಡಲೇಬೇಕಾದ್ದು. ಕತ್ತಲು ಸ್ಟುಡಿಯೋದಲ್ಲಿ ಮಂಜು, ಬೆಂಕಿ, ರಕ್ತದ ಕೆರೆ, ಜೀವಂತ ಚರ್ಮ ಸುಲಿಯುವುದು. 1960ರಲ್ಲಿ ಇಷ್ಟು ತೋರಿಸಿದ್ದಾರಾ ಅನ್ನಿಸುತ್ತದೆ.

ಆದರೆ ಅಲ್ಲಿಗೆ ಹೋಗುವ ದಾರಿ ಉದ್ದ, ಎಳೆತ ಜಾಸ್ತಿ. ಮೊದಲನೆಯದಾಗಿ ಇದನ್ನು ಹಾಕಿಕೊಂಡು ಅರ್ಧಕ್ಕೇ ಎದ್ದು ಹೋಗುವವರೇ ಹೆಚ್ಚು. ಎರಡು ಮೂರು ಬೇರೆ ನೋಡಿದ ಮೇಲೆ ನೋಡಿ. ಅಂಗಾಂಗ ಕತ್ತರಿಸುವುದನ್ನು ನೋಡಲಾಗದವರು ಬಿಟ್ಟುಬಿಡಿ, ನಷ್ಟವಿಲ್ಲ.

ಪ್ರೀತಿಸುವ ದೆವ್ವ ಬೇಕಿದ್ದರೆ

ದಾಯೇ ಸ್ಟುಡಿಯೋ ‘ರಾಶೊಮೊನ್’, ‘ಉಗೆತ್ಸು’ ಮಾಡಿದ ಕಂಪನಿ. ಅದರ ಕ್ಯೋತೋ ಶಾಖೆಯ ಬಡಗಿಗಳು, ಲೈಟಿನವರು ಹಳೆಯ ಕಾಲದ ಮನೆ ಕಟ್ಟುವುದರಲ್ಲಿ ಪಳಗಿದವರು. 1968ರಲ್ಲಿ ಅವರು ಎರಡು ಪ್ರೇಮದ ದೆವ್ವಗಳನ್ನು ಕೊಟ್ಟರು. ಎರಡೂ ಅಷ್ಟಾಗಿ ಹೊರಗೆ ಬಂದವಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನನಗೇ ಕಷ್ಟ.

‘ಬೊತಾನ್ ದೋರೊ’, ಡಿಸ್ಕ್ ಮೇಲೆ ‘ದಿ ಬ್ರೈಡ್ ಫ್ರಮ್ ಹೇಡೀಸ್’. ನಿರ್ದೇಶಕ ಸಾತ್ಸುವೊ ಯಾಮಾಮೊತೊ. ಇವನು ಎಡಪಂಥದ ನಿರ್ದೇಶಕ ಅಂತಲೇ ಹೆಸರಾದವನು. ಅದು ಇಲ್ಲೂ ಕಾಣುತ್ತದೆ. ನಾಯಕ ಸಮುರಾಯ್ ಮನೆತನ ಬಿಟ್ಟು ಬಡವರ ಕೇರಿಯಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಸತ್ತ ಅಣ್ಣನ ಹೆಂಡತಿಯನ್ನು ಮದುವೆಯಾಗು ಅಂತ ಮನೆಯವರ ಒತ್ತಾಯ. ಒಬೊನ್ ರಾತ್ರಿ ದೀಪ ಹಿಡಿದು ಬಂದ ಇಬ್ಬರು ಹೆಂಗಸರಲ್ಲಿ ಒಬ್ಬಳ ಮೇಲೆ ಅವನಿಗೆ ಮನಸ್ಸಾಗುತ್ತದೆ. ಅವರು ಸತ್ತವರು ಅಂತ ಊರವರಿಗೆ ಗೊತ್ತಾಗುತ್ತದೆ. ಮನೆಗೆಲ್ಲ ಮಂತ್ರದ ಚೀಟಿ ಅಂಟಿಸಿ ಅವನನ್ನು ಒಳಗೆ ಕೂಡಿಹಾಕುತ್ತಾರೆ. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ಕಾಲ ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ತೊಡಕು ಏನೆಂದರೆ, ಚೀಟಿ ಕಿತ್ತುಹಾಕಲು ದುಡ್ಡು ತೆಗೆದುಕೊಳ್ಳುವ ಮನುಷ್ಯ ಪಕ್ಕದಲ್ಲೇ ಇದ್ದಾನೆ. ಆ ಪಾತ್ರ ಮಾಡಿದ ಕೊ ನಿಶಿಮುರಾ ಇಡೀ ಸಿನಿಮಾವನ್ನು ಕದ್ದುಬಿಡುತ್ತಾನೆ. ದೆವ್ವಗಳು ನಡೆಯುವುದಿಲ್ಲ, ನೆಲ ತಾಗದೆ ತೇಲುತ್ತವೆ. ಅದನ್ನು ಬಹಳ ಸರಳವಾಗಿ ಮಾಡಿದ್ದಾರೆ, ಈಗಲೂ ನಂಬಿಕೆ ಬರುತ್ತದೆ.

ಇನ್ನೊಂದು ‘ಕೈದಾನ್ ಯುಕಿಜೊರೊ’, ಅಂದರೆ ‘ದಿ ಸ್ನೋ ವುಮನ್’. ನಿರ್ದೇಶಕ ತೊಕುಜೊ ತನಾಕಾ, 79 ನಿಮಿಷ. ಹಿಮದ ಹೆಣ್ಣಿನ ಇದೇ ಕಥೆ ‘ಕ್ವೈದಾನ್’ ಸಿನಿಮಾದ ಎರಡನೇ ಭಾಗವಾಗಿಯೂ ಇದೆ. ಹಾಗಾಗಿ ಹೋಲಿಕೆ ಸುಲಭ. ಅಲ್ಲಿ ಆಕಾಶದಲ್ಲಿ ಬಣ್ಣದ ಕಣ್ಣುಗಳು, ಎಲ್ಲವೂ ಚಿತ್ರಪಟ. ಇಲ್ಲಿ ಕಥೆಗೆ ಸಂಸಾರ ಸೇರಿದೆ. ಗಂಡ ಶಿಲ್ಪಿ, ದೇವಸ್ಥಾನಕ್ಕೆ ಕರುಣೆಯ ದೇವತೆ ಕಾನ್ನೊನ್ ವಿಗ್ರಹ ಕೆತ್ತಬೇಕು. ಊರಿನ ಅಧಿಕಾರಿಯ ಕಣ್ಣು ಅವನ ಹೆಂಡತಿಯ ಮೇಲೆ. ಅವಳು ದೆವ್ವ ಅಂತ ನಮಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ಶಿಹೊ ಫುಜಿಮುರಾ ಎರಡೂ ಮುಖವನ್ನು ಒಂದೇ ತಣ್ಣನೆಯ ಸೊಬಗಿನಲ್ಲಿ ನಿಭಾಯಿಸಿದ್ದಾಳೆ. ‘ಗೊಜಿರಾ’ಗೆ, ಅಂದರೆ ‘ಗಾಡ್ಜಿಲ್ಲಾ’ ಸಿನಿಮಾಗೆ, ಸಂಗೀತ ಕೊಟ್ಟ ಅಕಿರಾ ಇಫುಕುಬೆ ಇದಕ್ಕೂ ಸಂಗೀತ ಕೊಟ್ಟಿದ್ದಾನೆ.

ಮನೆಯಲ್ಲಿ ದೆವ್ವದ ಸಿನಿಮಾ ಬೇಡ ಅನ್ನುವವರ ಜೊತೆ ಕೂತು ನೋಡುವುದಾದರೆ ‘ಸ್ನೋ ವುಮನ್’. ಒಬ್ಬರೇ ನೋಡುವುದಾದರೆ ‘ಬ್ರೈಡ್’. ನನಗೆ ‘ಬ್ರೈಡ್’ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.

ಬೆಕ್ಕು, ಹಾವು

ಯಜಮಾನನ ರಕ್ತ ನೆಕ್ಕಿದ ಬೆಕ್ಕು ಸೇಡು ತೀರಿಸುವ ಕಥೆ ಅಲ್ಲಿ ಒಂದು ದೊಡ್ಡ ಪ್ರಕಾರ. 1930ರ ದಶಕದಲ್ಲಿ ಸೌಂದರ್ಯಕ್ಕೆ ಹೆಸರಾಗಿದ್ದ ತಾಕಾಕೊ ಇರಿಯೆ, 1953ರಿಂದ ದಾಯೇಯಲ್ಲಿ ಬೆಕ್ಕಿನ ದೆವ್ವವಾಗಿ ಮತ್ತೆ ಜನಪ್ರಿಯಳಾದಳು. ದೊಡ್ಡ ತಾರೆಗೆ ಇದು ಇಳಿಮುಖ ಅಂತ ಆಗ ಅಂದುಕೊಂಡರು. ಪಾಪ.

ಇಲ್ಲಿ ಎರಡರ ನಡುವೆ ಆಯ್ಕೆ. ನಾಕಾಗಾವಾನ ‘ಬೋರೆಯ್ ಕಾಯ್‌ಬ್ಯೋ ಯಾಶಿಕಿ’ 1958ರದ್ದು, ಬರೀ 69 ನಿಮಿಷ. ಕ್ಷಯದ ಹೆಂಡತಿಯನ್ನು ಕರೆದುಕೊಂಡು ವೈದ್ಯನೊಬ್ಬ ಕ್ಯೂಶುವಿನ ಹಳೇ ಮನೆಗೆ ಬರುತ್ತಾನೆ. ಮುದುಕಿಯೊಬ್ಬಳು ಬಂದು ಹೋಗತೊಡಗುತ್ತಾಳೆ. ಈಗಿನ ಕಾಲ ಬಣ್ಣವಿಲ್ಲದೆ, ಹಿಂದಿನ ಕಾಲ ಪೂರ್ಣ ಬಣ್ಣದಲ್ಲಿ. ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ, ಅಲ್ವಾ? ಮೊದಲ ಇಪ್ಪತ್ತು ನಿಮಿಷ ನಿಜಕ್ಕೂ ಮೈ ತಣ್ಣಗೆ ಮಾಡುತ್ತದೆ. ಆಮೇಲೆ ಬೆಕ್ಕಿನ ಕಿವಿ ಮೂಡಿದ ಮುದುಕಿಯನ್ನು ನೋಡಿ ನಗು ಬಂದರೆ ತಪ್ಪಿಲ್ಲ.

ಕಾನೆತೊ ಶಿಂದೊನ ‘ಕುರೊನೆಕೊ’ 1968ರದ್ದು, ಕಪ್ಪು ಬಿಳುಪು. ಸೈನಿಕರು ಅತ್ತೆ ಸೊಸೆಯರನ್ನು ಕೆಡಿಸಿ ಮನೆಗೆ ಬೆಂಕಿ ಇಡುತ್ತಾರೆ. ಇಬ್ಬರೂ ಬೆಕ್ಕಿನ ಪ್ರೇತವಾಗಿ ಸಮುರಾಯ್‌ಗಳ ರಕ್ತ ಕುಡಿಯುವ ಪ್ರತಿಜ್ಞೆ ಮಾಡುತ್ತಾರೆ. ಅವರನ್ನು ಮುಗಿಸಲು ಬಂದ ಸಮುರಾಯ್ ಮನೆಯ ಮಗನೇ. ಇದು ಎಲ್ಲ ರೀತಿಯಲ್ಲೂ ದೊಡ್ಡ ಸಿನಿಮಾ. ಇದೇ ನಿರ್ದೇಶಕನ ‘ಒನಿಬಾಬಾ’ ನೋಡಿದವರು ಇದನ್ನು ಬಿಡಲೇಬಾರದು. ಶುರುವಿನ ದೃಶ್ಯ ಮಾತ್ರ ಕ್ರೂರವಾಗಿದೆ, ಗೊತ್ತಿರಲಿ.

ಹಾವಿನ ಕಡೆಯೂ ಹಾಗೆಯೇ ಎರಡು ದಾರಿ. ‘ಕೈದಾನ್ ಹೆಬಿ-ಒನ್ನಾ’ ನಾಕಾಗಾವಾ 1968ರಲ್ಲಿ ತೋಯೇ ಸ್ಟುಡಿಯೋಗೆ ಮಾಡಿದ್ದು. ಗೇಣಿ ಜಮೀನು ಕಿತ್ತುಕೊಳ್ಳಬೇಡಿ ಅಂತ ಧಣಿಯ ಗಾಡಿಗೆ ಜೋತುಬೀಳುವ ಮುದಿ ರೈತನಿಂದ ಶುರು. ಅವನು ಸತ್ತ ಮೇಲೆ ಹೆಂಡತಿ, ಮಗಳು ಧಣಿ ಮನೆಗೆ ದುಡಿಯಲು ಹೋಗುತ್ತಾರೆ. ಇಲ್ಲಿ ದೆವ್ವಕ್ಕಿಂತ ಸಾಲ ಹೆಚ್ಚು ಹೆದರಿಸುತ್ತದೆ. ನನ್ನ ಪ್ರಕಾರ ಈ ಪೂರ್ತಿ ಗುಂಪಿನಲ್ಲಿ ಅತಿ ಕಡಿಮೆ ಮೆಚ್ಚುಗೆ ಪಡೆದ ಸಿನಿಮಾ ಇದು. ಇದರಲ್ಲೂ ಹೆಣ್ಣಿನ ಮೇಲಿನ ಹಿಂಸೆ ಇದೆ.

ಅದೇ ವರ್ಷದ ‘ಹೆಬಿ ಮುಸುಮೆ ತೊ ಹಕುಹಾತ್ಸುಮಾ’ ಬೇರೆಯದೇ ಲೋಕ. ಕಜುವೊ ಉಮೆಜುನ ಕಾಮಿಕ್ಸ್ ಆಧರಿಸಿ, ಆಮೆ ರಾಕ್ಷಸ ಗಮೆರಾ ಚಿತ್ರಗಳ ನಿರ್ದೇಶಕ ನೊರಿಯಾಕಿ ಯುವಾಸಾ ಮಾಡಿದ್ದು. ಅನಾಥಾಶ್ರಮದಿಂದ ಮನೆಗೆ ಮರಳಿದ ಹುಡುಗಿ, ಮಾಳಿಗೆಯಲ್ಲಿ ಅಡಗಿಸಿಟ್ಟ ಅಕ್ಕ. ಅಕ್ಕನಿಗೆ ಹಾವಿನ ಗುಣ. ಮಕ್ಕಳ ಸಿನಿಮಾ ಅಂತ ಮಾಡಿದ್ದು, ಆದರೆ ಸಣ್ಣ ಮಕ್ಕಳಿಗೆ ತೋರಿಸುವ ಮುನ್ನ ನೀವೊಮ್ಮೆ ನೋಡಿ.

ಮಕ್ಕಳ ಜೊತೆ

ನಿಜವಾಗಿ ಮಕ್ಕಳ ಜೊತೆ ನೋಡುವುದಾದರೆ ದಾಯೇಯ ಯೋಕಾಯ್ ಸಿನಿಮಾಗಳಿವೆ. ಯೋಕಾಯ್ ಅಂದರೆ ಜಪಾನಿನ ಜನಪದ ಕಥೆಗಳ ವಿಚಿತ್ರ ಭೂತಗಳು. 1968ರ ‘ಯೋಕಾಯ್ ದಾಯ್‌ಸೆನ್ಸೊ’ದಲ್ಲಿ ಬ್ಯಾಬಿಲೋನಿನಿಂದ ಒಂದು ರಕ್ತ ಹೀರುವ ಪಿಶಾಚಿ ಜಪಾನಿಗೆ ಬರುತ್ತದೆ. ಊರಿನ ದೆವ್ವಗಳೆಲ್ಲ ಸೇರಿ ಓಡಿಸುತ್ತವೆ. ಒಂಟಿ ಕಾಲಿನ ಕೊಡೆ, ಕೊಳದ ಕಾಪ್ಪಾ, ಉದ್ದ ಕುತ್ತಿಗೆಯ ಹೆಂಗಸು, ಎಲ್ಲ ರಬ್ಬರ್ ವೇಷ. ಮಕ್ಕಳು ನಗುತ್ತಾರೆ, ದೊಡ್ಡವರಿಗೂ ಬೇಜಾರಾಗುವುದಿಲ್ಲ.

ಅದೇ ವರ್ಷದ ‘ಯೋಕಾಯ್ ಹ್ಯಾಕು ಮೊನೊಗತಾರಿ’ ಇದಕ್ಕಿಂತ ಗಂಭೀರ. ರಾತ್ರಿ ಕೂತು ನೂರು ದೆವ್ವದ ಕಥೆ ಹೇಳುವುದು, ಒಂದೊಂದು ಕಥೆ ಮುಗಿದಾಗ ಒಂದೊಂದು ದೀಪ ಆರಿಸುವುದು: ಇದು ನಿಜವಾದ ಹಳೆಯ ಆಟ. ಸಿನಿಮಾದಲ್ಲಿ ಆಟದ ಕೊನೆಗೆ ಶಾಂತಿಯನ್ನೂ ಮಾಡಬೇಕು. ಇಲ್ಲಿ ಬಡವರ ವಠಾರ ಕೆಡವಲು ಹೊರಟವರು ಆ ಶಾಂತಿ ಮಾಡದೆ ಎದ್ದುಬಿಡುತ್ತಾರೆ. ದೊಡ್ಡವರಿಗೆ ಇದೇ ಉತ್ತಮ.

ಇನ್ನು ರಕ್ತಪಿಶಾಚಿ, ಹಡಗು

ಕೋಟ್ ಹಾಕಿದ ಪಾಶ್ಚಾತ್ಯ ಪಿಶಾಚಿ ಬೇಕೆಂದರೆ ತೊಹೊ ಸ್ಟುಡಿಯೋದ, ಮಿಚಿಯೊ ಯಾಮಾಮೊತೊ ಮಾಡಿದ ಮೂರು ಸಿನಿಮಾ ಇವೆ: 1970, 1971, 1974. ಮೂರರಲ್ಲಿ ಮೊದಲನೆಯದಾದ ‘ದಿ ವ್ಯಾಂಪೈರ್ ಡಾಲ್’ ಸಾಕು, 71 ನಿಮಿಷ. ಮಳೆ, ಬಂಗಲೆ, ಸತ್ತಳು ಅಂತ ತಾಯಿ ಹೇಳುವ ಮಗಳು, ಬಂಗಾರದ ಬಣ್ಣದ ಕಣ್ಣು. ಉಳಿದೆರಡು ಮೊದಲನೆಯದು ಹಿಡಿಸಿದವರಿಗೆ. ನಾಕಾಗಾವಾನ ‘ಒನ್ನಾ ಕ್ಯುಕೆತ್ಸುಕಿ’ಯಲ್ಲಿ, ಅವನ ಇಯೆಮೊನ್ ಆಗಿದ್ದ ಅಮಾಚಿ ಬೆಳದಿಂಗಳು ಬಿದ್ದರೆ ಪಿಶಾಚಿಯಾಗುತ್ತಾನೆ. ಅಮಾಚಿಯ ಅಭಿಮಾನಿಗಳಲ್ಲದವರು ಸುಮ್ನೆ ಬಿಡಬಹುದು.

ಶೋಚಿಕು ಸ್ಟುಡಿಯೋ ಕುಟುಂಬದ ಕಥೆಗಳಿಗೆ ಹೆಸರು. ದೆವ್ವದ ಕಡೆ ತಡವಾಗಿ ಬಂತು, ಬಂದಾಗ ವಿಚಿತ್ರವಾಗಿ ಬಂತು. 1968ರ ‘ಕ್ಯುಕೆತ್ಸು ದೊಕುರೊ-ಸೆನ್’ನಲ್ಲಿ ಹಡಗಿನ ಮೇಲೆ ಕೊಲೆ, ಸಮುದ್ರದಡಿ ಸರಪಳಿ ಬಿಗಿದ ಅಸ್ಥಿಪಂಜರಗಳು, ಮಂಜಿನಲ್ಲಿ ಮರಳಿ ಬರುವ ಖಾಲಿ ಹಡಗು. ಮೊದಲ ಒಂದು ಗಂಟೆ ಸೊಗಸು. ಕೊನೆಗೆ ಹುಚ್ಚು ವಿಜ್ಞಾನಿ ಕಥೆಗೆ ತಿರುಗಿ ಎಲ್ಲ ಕೈತಪ್ಪುತ್ತದೆ. ಆದರೂ ಮಳೆಗಾಲದ ರಾತ್ರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹುಡುಕುವಾಗ

ಒಂದೇ ಸಿನಿಮಾಗೆ ಮೂರು ನಾಲ್ಕು ಇಂಗ್ಲಿಷ್ ಹೆಸರಿರುತ್ತದೆ. ಮೂರು ನಾಲ್ಕು ಸಿನಿಮಾಗೆ ಒಂದೇ ಹೆಸರೂ ಇರುತ್ತದೆ. ‘ದಿ ಗೋಸ್ಟ್ ಆಫ್ ಯೊತ್ಸುಯಾ’ ಅಂತ ಕೊಂಡು ನಾಕಾಗಾವಾ ಬದಲು ಮಿಸುಮಿ ಬಂದರೆ ಆಶ್ಚರ್ಯವಿಲ್ಲ. ಹೆಸರಿನ ಜೊತೆ ನಿರ್ದೇಶಕ ಮತ್ತು ಇಸವಿ ಹಾಕಿಯೇ ಹುಡುಕಿ.

‘ಜಿಗೊಕು’, ‘ಕುರೊನೆಕೊ’ ಅಮೆರಿಕದ ಕ್ರೈಟೀರಿಯನ್ ಕಂಪನಿಯ ಡಿಸ್ಕ್‌ನಲ್ಲಿವೆ. ಶೋಚಿಕು ಹಡಗಿನ ಸಿನಿಮಾ ಅದೇ ಕಂಪನಿಯ ಎಕ್ಲಿಪ್ಸ್ ಮಾಲೆಯ ಡಿವಿಡಿ ಪೆಟ್ಟಿಗೆಯಲ್ಲಿದೆ. ತೊಹೊದ ಮೂರು ಪಿಶಾಚಿಗಳು, ಯೋಕಾಯ್ ಸಿನಿಮಾಗಳು, ಹಾವಿನ ಹುಡುಗಿ ಬ್ರಿಟನ್ನಿನ ಆ್ಯರೋದವರಲ್ಲಿ. ಮಿಸುಮಿಯ ಯೊತ್ಸುಯಾ, ‘ಸ್ನೋ ವುಮನ್’, ‘ಬ್ರೈಡ್’ ಮೂರನ್ನೂ ರೇಡಿಯನ್ಸ್ ಕಂಪನಿ 2024ರಲ್ಲಿ ‘ದಾಯೇ ಗಾಥಿಕ್’ ಅನ್ನುವ ಒಂದೇ ಪೆಟ್ಟಿಗೆಯಲ್ಲಿ ಹೊರತಂದಿತು. ಒಂದೇ ಪೆಟ್ಟಿಗೆ ಕೊಳ್ಳುವುದಾದರೆ ನಾನು ಅದನ್ನೇ ಹೇಳುತ್ತೇನೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ.

ಬ್ಲೂ-ರೇ ಕೊಳ್ಳುವ ಮುಂಚೆ ರೀಜನ್, ಅಂದರೆ ಯಾವ ದೇಶಗಳ ಪ್ಲೇಯರ್‌ನಲ್ಲಿ ಡಿಸ್ಕ್ ಓಡುತ್ತದೆ ಅನ್ನುವ ಗುರುತು, ನೋಡಿ. ಭಾರತ ಸಿ, ಅಮೆರಿಕ ಮತ್ತು ಜಪಾನ್ ಎ, ಬ್ರಿಟನ್ ಬಿ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ನಲ್ಲಿ ಎ ಅಥವಾ ಬಿಗೆ ಮಾತ್ರ ಬೀಗ ಹಾಕಿದ ಡಿಸ್ಕ್ ಓಡುವುದಿಲ್ಲ. ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು, ಇಲ್ಲವೇ ರೀಜನ್ ಬೀಗ ಇಲ್ಲದ ಡಿಸ್ಕ್ ಹುಡುಕಬೇಕು. ಅಮೆರಿಕದಲ್ಲಿ ಅಥವಾ ಇಂಗ್ಲೆಂಡಿನಲ್ಲಿ ನೆಂಟರಿದ್ದು ಅವರ ಕೈಲಿ ತರಿಸುವವರು ಇದನ್ನು ಮೊದಲೇ ಅವರಿಗೆ ಹೇಳಿಬಿಡಿ.